ಕ್ಯಾಪ್ಟನ್ ಕಲಿತ ಶಿಸ್ತು

ಲಾಂಡ್ರಿ ಅಕ್ಕನ ಬದುಕು ನಡೆಯುತ್ತಿದ್ದುದೇ ಪರರ ಕೊಳಕಿನ ಮೇಲೆ. ಕಾಲರಿನ ಜಿಡ್ಡು, ಕಂಕುಳಿನ ಹಳದಿ, ಔತಣದಲ್ಲಿ ಚೆಲ್ಲಿಕೊಂಡ ಎಣ್ಣೆ, ಆಸ್ಪತ್ರೆಯಿಂದ ಬಂದ ಹೊದಿಕೆಯ ರಕ್ತ, ಕುಡಿದು ಬಿದ್ದವನ ಕೋಟಿನ ವಾಂತಿ, ಯಾವುದಕ್ಕೂ ಅವಳು ಮೂಗು ಮುರಿದವಳಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಲೆಯನ್ನು ಉಗುರಿನಿಂದ ಒಮ್ಮೆ ಕೆರೆದು, "ಹೋಗತ್ತೆ" ಎಂದೋ "ಹೋಗಲ್ಲ" ಎಂದೋ ಹೇಳಿಬಿಡುತ್ತಿದ್ದಳು. ಹೋಗುತ್ತದೆ ಎಂದರೆ ಮುಗಿಯಿತು, ಕಲೆಯ ಅಪ್ಪನೂ ಹೋಗಬೇಕು. ಇಷ್ಟೆಲ್ಲ ಗಟ್ಟಿ ಹೊಟ್ಟೆಯವಳಿಗೆ ನಾಯಿ ಕಂಡರೆ ಮಾತ್ರ ಹೊಟ್ಟೆ ತೊಳಸುತ್ತಿತ್ತು. ಬಟ್ಟೆಗೆ ಅಂಟಿದ ಕೊಳಕು ಬಿಟ್ಟುಹೋಗುವುದಕ್ಕೆಂದೇ ಬರುತ್ತದೆ, ನಾಯಿಯದು ನಾಯಿಯ ಜೊತೆ ಮನೆಯೆಲ್ಲ ಓಡಾಡುತ್ತದೆ ಎನ್ನುವುದು ಅವಳ ವಾದ. ಬೀದಿಯಲ್ಲಿ ಯಾವುದಾದರೂ ನಾಯಿ ಅವಳ ಸೀರೆಯ ಅಂಚನ್ನು ಮೂಸಿದರೂ ಸಾಕು, ಮನೆಗೆ ಬಂದವಳೇ ಉಟ್ಟದ್ದನ್ನು ಬಿಚ್ಚಿ ನೆನೆಹಾಕುತ್ತಿದ್ದಳು.

ಅಂಥವಳ ಮನೆಗೆ ಅಣ್ಣ ತನ್ನ ಮುದಿ ನಾಯಿಯನ್ನು ತಂದು ಬಿಟ್ಟ.

ಅಣ್ಣನೆಂದರೆ ಊರಿಗೆಲ್ಲ ಡ್ರಿಲ್ ಮಾಸ್ತರು. ಶಾಲೆಯಿಂದ ನಿವೃತ್ತನಾಗಿ ಎಷ್ಟೋ ಕಾಲವಾಗಿತ್ತು, ಎದೆ ಉಬ್ಬಿಸುವುದರಿಂದ ಮಾತ್ರ ನಿವೃತ್ತನಾಗಿರಲಿಲ್ಲ. ಬಿಳಿ ಶರ್ಟು, ಬಿಳಿ ಪ್ಯಾಂಟು, ಕೈಯಲ್ಲೊಂದು ಬೆತ್ತ. ಆ ಬಿಳಿ ಬಟ್ಟೆಗಳು ಪ್ರತಿ ವಾರವೂ ತಂಗಿಯ ಲಾಂಡ್ರಿಗೇ ಬರುತ್ತಿದ್ದವು. ಬೇರೆ ಯಾವ ಗಿರಾಕಿಗೂ ಸಿಗದ ಗಂಜಿ, ಬೇರೆ ಯಾರ ಪ್ಯಾಂಟಿಗೂ ಬೀಳದ ಇಸ್ತ್ರಿಗೆರೆ ಅವಕ್ಕೆ ಸಿಗುತ್ತಿತ್ತು. ಈಗ ಅವನ ಮಂಡಿಗೆ ಆಪರೇಷನ್ ಆಗಬೇಕಿತ್ತು, ಆಮೇಲೆ ಕೆಲವು ವಾರ ಮಗನ ಮನೆಯಲ್ಲಿ ಆರೈಕೆ. ಆ ಮನೆಯ ಸೊಸೆ, ಮಾವ ಬರಲಿ, ನಾಯಿ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಲಾಂಡ್ರಿ ಅಕ್ಕನಿಗೂ ಹಾಗೆ ಹೇಳುವ ಆಸೆ ಇಲ್ಲದಿರಲಿಲ್ಲ. ಆದರೆ ಅಪ್ಪ ಸತ್ತ ಮೇಲೆ ಮನೆ ನಡೆಸಿದವನು ಈ ಅಣ್ಣ. ಅವನೆದುರು ಅವಳ ನಾಲಿಗೆ ಸಣ್ಣವಳಿದ್ದಾಗಲೂ ಎದ್ದಿರಲಿಲ್ಲ, ತಲೆ ನರೆತ ಮೇಲೂ ಎದ್ದಿರಲಿಲ್ಲ.

"ಕ್ಯಾಪ್ಟನ್ ನನ್ನ ಮನೇಲಿ ಇಷ್ಟು ವರ್ಷದಲ್ಲಿ ಒಂದು ತೊಟ್ಟು ಗಲೀಜು ಮಾಡಿಲ್ಲ," ಎಂದ ಅಣ್ಣ, ನಾಯಿಯ ಹಗ್ಗವನ್ನು ಅವಳ ಕೈಗಿಡುತ್ತ. "ಶಿಸ್ತು ಅಂದ್ರೆ ಶಿಸ್ತು. ನೀನು ಮುದ್ದು ಮಾಡಿ ಕೆಡಿಸಬೇಡ, ಅಷ್ಟೇ."

ಮುದ್ದು ಮಾಡುವುದಂತೆ. ಹಗ್ಗವನ್ನೇ ಅವಳು ಎರಡು ಬೆರಳಲ್ಲಿ ಹಿಡಿದಿದ್ದಳು. ನಾಯಿ ಕಂದು ಬಣ್ಣದ್ದು, ಮೂತಿಯೆಲ್ಲ ಬೆಳ್ಳಗಾಗಿತ್ತು. ಕಣ್ಣಿನ ಮೂಲೆಯಲ್ಲಿ ಪಿಸುರು, ಕಿವಿಯಿಂದ ಹುಳಿ ವಾಸನೆ, ಹೊಟ್ಟೆಯಡಿ ಕೂದಲುದುರಿ ಕಂಡ ಬೂದು ಚರ್ಮ. ಬಾಯಿಂದ ಬರುತ್ತಿದ್ದ ವಾಸನೆ ಏನೆಂದು ಮಾತ್ರ ಆ ದಿನ ಅವಳಿಗೆ ಹೊಳೆಯಲಿಲ್ಲ. ಕಲೆಗಳ ವಾಸನೆಯನ್ನು ಕಣ್ಣು ಮುಚ್ಚಿ ಹೇಳಬಲ್ಲವಳು ಅವಳು, ಆದರೂ ಆ ವಾಸನೆ ಬಾಯಿಂದ ಬರಬಹುದೆಂದು ಯಾರು ತಾನೇ ಎಣಿಸುತ್ತಾರೆ.

ಮುಂದೆ ಅಂಗಡಿ, ಹಿಂದೆ ಎರಡು ಕೋಣೆ, ಅದರ ಹಿಂದೆ ಒಗೆಯುವ ಕಲ್ಲೂ ಒಣಹಾಕುವ ತಂತಿಗಳೂ ಇದ್ದ ಹಿತ್ತಲು, ಇಷ್ಟು ಅವಳ ಸಾಮ್ರಾಜ್ಯ. ಬಸ್ ಕಂಡಕ್ಟರಾಗಿ ನಿವೃತ್ತನಾಗಿದ್ದ ಗಂಡ ಅಂಗಡಿಯ ಮೇಜಿನ ಹಿಂದೆ ಕೂತು ಬಟ್ಟೆಗೆ ಚೀಟಿ ಹಚ್ಚುತ್ತಿದ್ದ, ಬಂದವರೊಂದಿಗೆ ಹರಟುತ್ತಿದ್ದ. ನಾಯಿಯನ್ನು ಹಿತ್ತಲಿನಲ್ಲಿ ಕಟ್ಟಿದ್ದಾಯಿತು. ಮರುದಿನ ಬೆಳಿಗ್ಗೆ ಅವಳು ನೆನೆಹಾಕಿದ ಬಟ್ಟೆ ತೆಗೆಯಲು ಹೋದಾಗ ಅದು ಗೋಡೆಗೆ ಮುಖ ಮಾಡಿಕೊಂಡು ಏನನ್ನೋ ಗಬಗಬ ತಿನ್ನುತ್ತಿತ್ತು. ಇಲಿ ಹಿಡಿದಿರಬೇಕೆಂದು ಹತ್ತಿರ ಹೋದಳು. ಇಲಿಯಾಗಿದ್ದರೆ ಎಷ್ಟೋ ವಾಸಿಯಿತ್ತು. ನಾಯಿ ತಾನು ಆಗಷ್ಟೇ ಕೂತು ಹಾಕಿದ್ದನ್ನು ತಾನೇ ತಿನ್ನುತ್ತಿತ್ತು. ರುಚಿಗಾಗಿ ತಿನ್ನುವ ಹಾಗಿರಲಿಲ್ಲ, ಬಸ್ಸು ಹೊರಡುವ ಹೊತ್ತಿಗೆ ತುತ್ತು ನುಂಗುವವರ ಅವಸರವಿತ್ತು. ಅವಳ ಕಾಲಿನ ಸದ್ದು ಕೇಳಿದ್ದೇ ಉಳಿದದ್ದನ್ನೂ ಬಾಯಿಗೆ ಹಾಕಿಕೊಂಡು, ನೆಲವನ್ನು ನುಣ್ಣಗೆ ನೆಕ್ಕಿ, ಬಾಲವನ್ನು ಹೊಟ್ಟೆಯಡಿ ಸೇರಿಸಿ, ತುಟಿ ಎಳೆದು ಹಲ್ಲು ತೋರಿಸಿತು. ಹಲ್ಲಿನ ಸಂದಿಯಲ್ಲಿ ಸಾಕ್ಷಿ ಇತ್ತು.

ಲಾಂಡ್ರಿ ಅಕ್ಕ ಒಗೆಯುವ ಕಲ್ಲನ್ನು ಹಿಡಿದುಕೊಂಡು ಕಕ್ಕಿದಳು. ನಾಯಿ ಅದರ ಕಡೆಗೂ ಮೂತಿ ಚಾಚಿ ಬಂತು. ಆಮೇಲಿನದನ್ನು ಹೇಳುವುದು ಬೇಡ.

ಆ ದಿನ ಹಿತ್ತಲಿಗೆ ಆದ ಸ್ನಾನ ಯಾವ ಕೋಟಿಗೂ ಆಗಿರಲಿಲ್ಲ. ಬ್ಲೀಚು ಸುರಿದಳು, ಸೋಡಾ ಸುರಿದಳು, ಬಿಸಿನೀರು ಹೊಯ್ದು ಗಟ್ಟಿ ಬ್ರಷ್ಷಿನಿಂದ ಉಜ್ಜಿದಳು. ಕಣ್ಣುರಿಯುವಷ್ಟು ಶುಭ್ರವಾಯಿತು. ತೊಳೆಯಲೆಂದು ಹಗ್ಗ ಬಿಚ್ಚಿದ್ದ ನಾಯಿ ಮೂಲೆಯಿಂದ ಮೂಲೆಗೆ ಮೂಸುತ್ತ ಸುತ್ತಿತು, ಎಲ್ಲೂ ನಿಲ್ಲಲಿಲ್ಲ. ಸಂಜೆಯವರೆಗೆ ಬಿಗಿಹಿಡಿದು, ಯಾರೂ ಇಲ್ಲದ ಹೊತ್ತು ನೋಡಿ ಕೋಣೆಯೊಳಗೆ, ಇಸ್ತ್ರಿ ಮೇಜಿನ ಕೆಳಗೆ ನುಗ್ಗಿ ಕೆಲಸ ಮುಗಿಸಿ, ಊಟವನ್ನೂ ಮುಗಿಸಿತು. ಮತ್ತೆ ಬ್ಲೀಚು, ಮತ್ತೆ ಸೋಡಾ. ಹೀಗೇ ದಿನಗಳು ಕಳೆದವು. ಅವಳು ತೊಳೆದಷ್ಟೂ ನಾಯಿಗೆ ತಾನು ಎಲ್ಲಿ ಹೋಗಬೇಕೆಂಬುದೇ ತಿಳಿಯದಾಯಿತು, ಅದಕ್ಕೆ ತಿಳಿಯದಷ್ಟೂ ಅವಳು ತೊಳೆದಳು. ಒಂದು ದಿನ ಅದು ಅಂಗಡಿಗೆ ನುಗ್ಗಿ ಗಿರಾಕಿಯೊಬ್ಬಳ ಕೈಯಲ್ಲಿದ್ದ ಇಸ್ತ್ರಿ ಮಾಡಿದ ಶರ್ಟಿನ ತೋಳನ್ನು ಪ್ರೀತಿಯಿಂದ ನೆಕ್ಕಿಬಿಟ್ಟಿತು. ಎಂಥ ಮುದ್ದು ನಾಯಿ ಎಂದು ಆಕೆ ಕೆನ್ನೆ ಕೊಡಲು ಬಾಗಿದಳು. ಲಾಂಡ್ರಿ ಅಕ್ಕ ನಡುವೆ ಹಾರಿ ತಪ್ಪಿಸಿದಳು.

ಅಣ್ಣನಿಗೆ ಫೋನು ಮಾಡಿ, ಆ ಪದವನ್ನು ಬಾಯಲ್ಲಿ ಹೇಳಲಾರದೆ "ಅದು, ಅದನ್ನ" ಎಂದು ತಡವರಿಸಿ ಸಂಗತಿ ತಿಳಿಸಿದಳು. ಅಣ್ಣ ಕೆಲಹೊತ್ತು ಸುಮ್ಮನಿದ್ದು, ತನ್ನ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ, ನೀನೇ ಏನೋ ತಿನ್ನಿಸಿ ಕೆಡಿಸಿದ್ದೀಯ ಎಂದ. ಮೂತಿಗೆ ಚಪ್ಪಲಿಯಲ್ಲಿ ಎರಡು ಬಿಟ್ಟರೆ ಎಲ್ಲ ನೆನಪಾಗುತ್ತದೆ ಎಂದು ಉಪಾಯವನ್ನೂ ಹೇಳಿದ. ಕೊನೆಗೆ, ಬಟ್ಟೆಗೆ ಚೀಟಿ ಹಚ್ಚಿದಷ್ಟು ಸಲೀಸಾಗಿ, "ನಾನು ಬರೋ ಹೊತ್ತಿಗೆ ಸರಿ ಹೋಗಿಲ್ಲ ಅಂದ್ರೆ ಒಂದು ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡೋಣ. ಗಲೀಜು ಮಾಡೋ ನಾಯಿ ನನಗೆ ಬೇಡ," ಎಂದ.

ಲಾಂಡ್ರಿ ಅಕ್ಕನಿಗೆ ನಾಯಿ ಕಂಡರೆ ವಾಕರಿಕೆ ಬರುತ್ತಿತ್ತು ನಿಜ. ಆದರೆ ವಾಕರಿಕೆ ಬಂತೆಂದು ಒಂದು ಜೀವವನ್ನು ಕೊಲ್ಲಿಸುವಷ್ಟು ಅವಳು ಕೆಟ್ಟವಳಲ್ಲ. ಅದೂ ತನ್ನ ದೂರಿನ ಮೇಲೆ. ಈ ಮುದಿಯನ್ನು ಅಣ್ಣ ಬರುವುದರೊಳಗೆ ತಿದ್ದಲೇಬೇಕು ಎಂದು ಹಟ ತೊಟ್ಟಳು. ಗಂಡನಿಗೆ ಅದು ತಮಾಷೆಯಾಗಿ ಕಂಡಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಅದೂ ನಾಯಿಯ ಬಾಲದಂಥ ಮರ ಎಂದು ಒಂದೇ ಉಸಿರಿನಲ್ಲಿ ಎರಡು ಗಾದೆ ಖರ್ಚು ಮಾಡಿದ.

ನಾಯಿ ಡಾಕ್ಟರಮ್ಮನ ಬಿಳಿ ಕೋಟುಗಳು ಒಗೆಯಲು ಬರುತ್ತಿದ್ದುದು ಇವರಲ್ಲಿಗೇ. ಲಾಂಡ್ರಿ ಅಕ್ಕ ನಾಯಿಯನ್ನು ಆಕೆಯ ಬಳಿಗೆ ಕರೆದೊಯ್ದಳು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವಳು, ಆತುರವಿಲ್ಲದ ಕೈ. ನಾಯಿಯ ಹೊಟ್ಟೆ ಒತ್ತಿ, ಬಾಯಿ ಅಗಲಿಸಿ, ಪರೀಕ್ಷೆಗೆಂದು ತಂದಿದ್ದ ಡಬ್ಬಿಯನ್ನೂ ತೆಗೆದು ನೋಡಿ (ಡಬ್ಬಿಯನ್ನು ಲಾಂಡ್ರಿ ಅಕ್ಕ ಮೂರು ಚೀಲದಲ್ಲಿ ಸುತ್ತಿ, ಮುಖ ಆಚೆ ತಿರುಗಿಸಿಕೊಂಡು ತಂದಿದ್ದಳು), ಆಕೆ ತಲೆಯಾಡಿಸಿದಳು.

"ಹುಳ ಇಲ್ಲ, ರೋಗ ಇಲ್ಲ. ಇದು ತನ್ನ ತಪ್ಪು ಮುಚ್ಚಿಡ್ತಾ ಇದೆ ಅಕ್ಕ," ಎಂದಳು. "ಮರಿಯಾಗಿದ್ದಾಗ ಗಲೀಜು ಮಾಡಿದ್ದಕ್ಕೆ ಯಾರೋ ಇದರ ಮೂತೀನ ಅದರಲ್ಲೇ ಒತ್ತಿ ಹೊಡೆದಿದಾರೆ. ಒಂದು ಸಲ ಅಲ್ಲ. ಎಲ್ಲಿ ಮಾಡಬೇಕು ಅಂತ ಇದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಇದಕ್ಕೆ ಗೊತ್ತಿರೋದು ಒಂದೇ, ಮನುಷ್ಯರ ಕಣ್ಣಿಗೆ ಅದು ಬೀಳಬಾರದು."

ಲಾಂಡ್ರಿ ಅಕ್ಕನಿಗೆ ಮೈ ಉರಿಯಿತು. ತನ್ನ ಅಣ್ಣ ಎಂಥವನು, ಎಷ್ಟು ಮಕ್ಕಳನ್ನು ತಿದ್ದಿದವನು, ಈ ನಾಯಿಯನ್ನು ಅಂಗೈಯಲ್ಲಿಟ್ಟು ಸಾಕಿದವನು ಎಂದು ಡಾಕ್ಟರಮ್ಮನಿಗೆ ಚೆನ್ನಾಗಿಯೇ ಹೇಳಿದಳು. ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ. ಹೊಡೆಯಬೇಡಿ, ಬೈಯಬೇಡಿ, ಹಿತ್ತಲಿನ ಒಂದು ಮೂಲೆಯನ್ನು ತೊಳೆಯದೆ ಬಿಡಿ, ಅದರ ವಾಸನೆ ಅಲ್ಲೇ ಉಳಿಯಲಿ, ಆ ವಾಸನೆಯೇ ಅದಕ್ಕೆ ದಾರಿ ತೋರಿಸುತ್ತದೆ ಎಂದಳು. ಅದು ಕೂರುವಾಗ ಪಕ್ಕದಲ್ಲಿದ್ದೂ ನೋಡದ ಹಾಗೆ ಇರಬೇಕು. ಮುಗಿಸಿದ ತಕ್ಷಣ ಕರೆದು, ಹೊಗಳಿ, ಬಾಯಿಗೆ ರುಚಿಯಾದದ್ದೊಂದನ್ನು ಇಡಬೇಕು.

"ಹೊಗಳಬೇಕಾ," ಎಂದಳು ಲಾಂಡ್ರಿ ಅಕ್ಕ.

"ಬಾಯ್ತುಂಬ ಹೊಗಳಬೇಕು."

ಮನೆಗೆ ಬಂದವಳ ಸಿಟ್ಟೆಲ್ಲ ನಾಯಿ ಮಲಗುವ ಚಾಪೆಬಟ್ಟೆಯ ಮೇಲೆ ಹೋಯಿತು. ಅದು ಹಿಂದಿನ ದಿನ ಒದ್ದೆ ಮಾಡಿದ್ದ ಬಟ್ಟೆ. ಬಕೆಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ಮೊದಲು ತಣ್ಣೀರು, ಯಾವಾಗಲೂ ತಣ್ಣೀರು. ಬಿಸಿನೀರು ಬಿದ್ದರೆ ಕಲೆ ಬಟ್ಟೆಯೊಳಗೆ ಕೂತುಬಿಡುತ್ತದೆ. ಮಕ್ಕಳ ಹಾಸಿಗೆ ಬಟ್ಟೆಯನ್ನು ಗುಟ್ಟಾಗಿ ಸುತ್ತಿ ತರುವ ತಾಯಂದಿರಿಗೆ ಅವಳು ಹೇಳುತ್ತಿದ್ದುದೂ ಇದನ್ನೇ. ಈ ವಿದ್ಯೆಯನ್ನು ಅವಳಿಗೆ ಯಾರು ಕಲಿಸಿದರು? ಬೇರೆ ಎಲ್ಲ ಕಲೆಗಳ ಗುರುಗಳೂ ಅವಳಿಗೆ ನೆನಪಿದ್ದರು. ಶಾಯಿಯದು ಹಳೆಯ ಇಸ್ತ್ರಿ ಅಂಗಡಿಯವನಿಂದ ಬಂದದ್ದು, ರಕ್ತದ್ದು ಆಸ್ಪತ್ರೆಯ ಆಯಾಳಿಂದ. ಇದೊಂದು ಮಾತ್ರ ಯಾರಿಂದಲೂ ಬಂದದ್ದಲ್ಲ. ಕೈ ನೀರಿನಲ್ಲಿದ್ದ ಹಾಗೇ ಅವಳು ನಿಂತಳು.

ಅವಳು ಚಿಕ್ಕವಳಿದ್ದಾಗ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಳು. ಅಪ್ಪ ಸತ್ತ ವರ್ಷವದು. ಅಣ್ಣ ಆಗಿನ್ನೂ ಹೊಸದಾಗಿ ಮಾಸ್ತರನಾಗಿದ್ದ. ಒದ್ದೆ ಹೊದಿಕೆಯನ್ನು ಅವಳ ತಲೆಯ ಮೇಲೆ ಹೊದೆಸಿ, ಶಾಲೆಯ ಮಕ್ಕಳು ಹೋಗುವ ಹೊತ್ತಿಗೆ ಸರಿಯಾಗಿ ಗೇಟಿನ ಹತ್ತಿರ ನಿಲ್ಲಿಸುತ್ತಿದ್ದ. ಮೂಸು, ಮೂಸಿದರೆ ಬುದ್ಧಿ ಬರುತ್ತದೆ ಎನ್ನುತ್ತಿದ್ದ. ಬುದ್ಧಿ ಬಂದದ್ದು ಹೀಗೆ: ಎಲ್ಲರಿಗಿಂತ ಮುಂಚೆ ಎದ್ದು ಹಿತ್ತಲಿನ ನಲ್ಲಿಯಲ್ಲಿ ಹೊದಿಕೆಯನ್ನು ತಣ್ಣೀರಿಗೆ ಹಿಡಿಯುವುದು, ಒಲೆ ಹೊತ್ತಿರುವುದಿಲ್ಲವಾದ್ದರಿಂದ ತಣ್ಣೀರೇ ಗತಿ, ಹಿಂಡಿ ತಂದು ಮತ್ತೆ ಹಾಸಿ, ಅದರ ಮೇಲೆ ಮಲಗಿ ಮೈಶಾಖದಲ್ಲಿ ಒಣಗಿಸುವುದು. ಹಲ್ಲು ಕಟಕಟ ಎನ್ನುತ್ತಿದ್ದರೂ ಕಣ್ಣು ಮುಚ್ಚಿಕೊಂಡಿರುವುದು. ನೋಡಿದಿರಾ, ನಿಂತೇ ಹೋಯಿತು ಎಂದು ಅಣ್ಣ ಎಲ್ಲರಿಗೂ ಹೇಳಿಕೊಂಡ. ನಿಂತಿರಲಿಲ್ಲ. ಎಷ್ಟೋ ಕಾಲ ನಿಂತಿರಲಿಲ್ಲ.

ಮನೆಯಲ್ಲಿ ಇದು ನಗೆಯ ಕಥೆ. ನಾಲ್ಕು ಜನ ಸೇರಿದರೆ ಅಣ್ಣ ಇದನ್ನು ಹೇಳಬೇಕು, ಹೊದಿಕೆ ಹೊದ್ದು ನಿಂತವಳ ಮುಖವನ್ನು ಮಾಡಿ ತೋರಿಸಬೇಕು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗಬೇಕು. ಲಾಂಡ್ರಿ ತೆರೆದ ದಿನ ಅಣ್ಣ ಎದ್ದು ನಿಂತು, ಈ ಅಂಗಡಿಗೆ ಅಡಿಗಲ್ಲು ಹಾಕಿದವನು ನಾನೇ ಎಂದು ಶುರು ಮಾಡಿದ್ದ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಅಣ್ಣನಿಗೆ ಮೊದಲ ಲೋಟ ಚಹಾ ಕೊಟ್ಟವಳೂ ಅವಳೇ.

ಗೋಡೆಯ ಮೂಲೆಯಲ್ಲಿ ನಾಯಿ ತುಟಿ ಎಳೆದು ಹಲ್ಲು ತೋರಿಸುತ್ತ ಅವಳ ಕೈಯನ್ನೇ ನೋಡುತ್ತಿತ್ತು. ಲಾಂಡ್ರಿ ಅಕ್ಕನಿಗೆ ಹೊಟ್ಟೆಯ ತಳದಿಂದ ಅಸಹ್ಯ ಎದ್ದು ಬಂತು, ಈ ಸಲ ನಾಯಿಯ ಮೇಲಲ್ಲ. ಅಣ್ಣನ ಮೇಲೆ, ಆ ನಗುವಿನ ಮೇಲೆ, ಆ ಚಹಾದ ಮೇಲೆ. ಕೊಳಕು ಕಂಡರೆ ಆಗದು ಎಂದು ಇಷ್ಟು ವರ್ಷ ಮೆರೆದ ತನ್ನ ಜಂಬದ ಮೇಲೂ. ಕಕ್ಕೋಣವೆಂದರೆ ಏನೂ ಬರಲಿಲ್ಲ.

ಊಟದ ಹೊತ್ತಿಗೆ ಗಂಡನ ಬಳಿ, ಆ ಹೊದಿಕೆಯ ಕಥೆ ನಿಮಗೆ ನೆನಪಿದೆಯೇ ಎಂದು ಕೇಳಿದಳು. ಅವಳ ಮಾತು ಮುಗಿಯುವ ಮೊದಲೇ ಅವನು ನಗತೊಡಗಿದ. ಒಳ್ಳೆಯವನೇ, ಕೈ ಎತ್ತಿದವನಲ್ಲ, ಜೋರು ಮಾತಾಡಿದವನಲ್ಲ. ಅವಳು ಅವನ ತಟ್ಟೆಗೆ ಬಡಿಸಿ ಎದ್ದುಹೋದಳು.

ಮರುದಿನದಿಂದ ಕಲಿಕೆ ಶುರುವಾಯಿತು. ಅದು ನಾಯಿಯದೋ ಅವಳದೋ ಹೇಳುವುದು ಕಷ್ಟ. ಹಿತ್ತಲಿನ ಒಂದು ಮೂಲೆಗೆ ಬ್ಲೀಚು ತಾಗಿಸುವುದಿಲ್ಲ ಎಂದು ಪಣ ತೊಟ್ಟಳು. ಬ್ರಷ್ಷು ಹಿಡಿದ ಕೈ ತಾನಾಗಿಯೇ ಆ ಕಡೆ ಹೋಗುತ್ತಿತ್ತು, ಎಳೆದು ತರಬೇಕಾಗುತ್ತಿತ್ತು. ಆ ಮೂಲೆಯ ವಾಸನೆ ಗಾಳಿಯೊಂದಿಗೆ ಬಂದು ಮೂಗಿಗೆ ಹೊಡೆದಾಗ, ಒಣಗಿದ ಬೆಡ್‌ಶೀಟುಗಳ ನಡುವೆ ಮುಖ ಹುದುಗಿಸಿ ನಿಲ್ಲುತ್ತಿದ್ದಳು. ಬೆಳಿಗ್ಗೆ ನಾಯಿಯನ್ನು ಅಲ್ಲಿಗೆ ಕರೆದೊಯ್ದು, ಬೆನ್ನು ತಿರುಗಿಸಿ, ತಂತಿಯ ಮೇಲಿನ ಕ್ಲಿಪ್ಪುಗಳನ್ನು ಸರಿಪಡಿಸುವ ನಾಟಕವಾಡುತ್ತ ಕಾಯುತ್ತಿದ್ದಳು. ಒಂದು ಕೈಯಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಕ್ಲಿಪ್ಪು. ನಾಯಿ ಕೂರುವುದಕ್ಕೆ ಬಗ್ಗುವುದು, ಅವಳು ಉಸಿರಾಡಿದ್ದು ಕೇಳಿ ಮತ್ತೆ ಏಳುವುದು, ನಡುಗುವುದು, ಸುತ್ತುವುದು. ಕಿಟಕಿಯಲ್ಲಿ ಹಲ್ಲುಜ್ಜುತ್ತ ನಿಂತ ಗಂಡ, "ಟಿಕೆಟ್ ತಗೊಂಡಾಗಿದೆ, ಇಳಿಯೋ ಸ್ಟಾಪ್ ಬರ್ತಿಲ್ಲ," ಎಂದು ವರದಿ ಕೊಡುತ್ತಿದ್ದ.

ಮೊದಮೊದಲು ಅದು ಅವಳನ್ನು ಗೆದ್ದಿತು. ಅವಳು ತಿರುಗುವಷ್ಟರಲ್ಲಿ ಕೂತು, ಎದ್ದು, ನುಂಗಿಯೂ ಆಗಿರುತ್ತಿತ್ತು. ಬಿಸ್ಕತ್ತು ತೋರಿಸಿದರೆ, ಹೊಡೆಯಲು ಎತ್ತಿದ ಕೈಯೆಂದು ನೆಲಕ್ಕೊರಗುತ್ತಿತ್ತು. ಅವಳಿಗೆ ಅಳು ಬರುತ್ತಿತ್ತು, ವಾಕರಿಕೆಯೂ ಬರುತ್ತಿತ್ತು, ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಕ್ಲಿಪ್ಪುಗಳನ್ನು ಬೈಯುತ್ತಿದ್ದಳು. ಆದರೂ ಬಿಡಲಿಲ್ಲ. ಬಿಸ್ಕತ್ತು ಬಿಟ್ಟು ಬೇಯಿಸಿದ ಮೊಟ್ಟೆ ತಂದಳು. ನಿಲ್ಲುವುದು ಬಿಟ್ಟು ನೆಲದ ಮೇಲೇ ಕೂತಳು, ಆ ಮೂಲೆಯ ಪಕ್ಕದಲ್ಲಿ, ಉಟ್ಟ ಬಟ್ಟೆಯ ಸಮೇತ. ತನ್ನ ಜೀವಮಾನದಲ್ಲಿ ಅಂಥ ನೆಲದ ಮೇಲೆ ಕೂತವಳಲ್ಲ.

ಒಂದು ಮೋಡದ ಬೆಳಿಗ್ಗೆ ನಾಯಿ ಅವಳಿಂದ ಒಂದು ಮಾರು ದೂರದಲ್ಲಿ ಕೂತು, ಅವಳನ್ನೇ ನೋಡುತ್ತ, ಕಾಲು ಗಡಗಡ ನಡುಗಿಸುತ್ತ ಕೆಲಸ ಮುಗಿಸಿತು. ತಟ್ಟನೆ ತಿರುಗಿ ಬಾಯಿ ಹಾಕಲು ಹೋದದ್ದು, ಹಾಗೇ ತಡೆದು ನಿಂತಿತು. ಅವಳು ಏನೂ ಮಾಡಲಿಲ್ಲ. ಹಲ್ಲು ಕಚ್ಚಿಕೊಂಡು, ಮೂಗಿನಲ್ಲಿ ಉಸಿರೆಳೆಯದೆ, "ಜಾಣ," ಎಂದಳು. ಅಂಗೈಯಲ್ಲಿ ಮೊಟ್ಟೆ ಚಾಚಿ ಮತ್ತೆ ಹೇಳಿದಳು. "ಜಾಣ ಮರಿ. ಎಷ್ಟು ಚೆನ್ನಾಗಿ ಮಾಡಿದೆ. ಬಾ." ನಾಯಿ ಅದನ್ನು ಅಲ್ಲೇ ಬಿಟ್ಟು, ಹಿಂದಿರುಗಿ ಹಿಂದಿರುಗಿ ನೋಡುತ್ತ, ಬಂದು ಮೊಟ್ಟೆ ತಿಂದಿತು. ಅವಳ ಅಂಗೈಯನ್ನೂ ನೆಕ್ಕಿತು. ಅವಳು ಕೈ ಎಳೆದುಕೊಳ್ಳಲಿಲ್ಲ, ಮೈಯೆಲ್ಲ ಮುಳ್ಳೆದ್ದರೂ. ಆಮೇಲೆ ಸಲಿಕೆ ತಂದು ಎತ್ತಿಹಾಕಿ, ಕೈ ತೊಳೆದು ಇನ್ನೊಮ್ಮೆ ತೊಳೆದಳು. ಅಷ್ಟೂ ತೊಳೆಯದಿದ್ದರೆ ಅವಳು ಲಾಂಡ್ರಿ ಅಕ್ಕನೇ ಅಲ್ಲ.

ಅಲ್ಲಿಂದ ಮುಂದೆ ದಿನ ಬಿಟ್ಟು ದಿನ, ಆಮೇಲೆ ದಿನವೂ. ಕೋಣೆಯೊಳಗೆ ಹೋಗುವುದು ನಿಂತಿತು, ಬಾಯಿಯ ವಾಸನೆ ಬರೀ ನಾಯಿಯ ವಾಸನೆಯಾಯಿತು. ಗಂಡ ತನ್ನ ಗಾದೆಗಳನ್ನು ವಾಪಸು ಪಡೆದ.

ಅಣ್ಣ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಮೈಮೇಲೆ ಇದ್ದುದು ಅವಳೇ ಗಂಜಿ ಹಾಕಿ ಕಳಿಸಿದ್ದ ಬಿಳಿ ಬಟ್ಟೆ. ಬಾಗಿಲಲ್ಲಿ ನಿಂತು ಬೆತ್ತವನ್ನು ನೆಲಕ್ಕೆ ಕುಟ್ಟಿ, "ಕ್ಯಾಪ್ಟನ್," ಎಂದ. ಹಿತ್ತಲಿನಿಂದ ನಾಯಿ ಬಂತು. ನಡೆದು ಬರಲಿಲ್ಲ, ಹೊಟ್ಟೆಯನ್ನು ನೆಲಕ್ಕೆ ಎಳೆಯುತ್ತ ಬಂತು, ಬಾಲ ಬೀಸುತ್ತ, ಹಿಂದೆ ಉದ್ದಕ್ಕೂ ಉಚ್ಚೆಯ ಗೆರೆ ಬಿಡುತ್ತ. ಅವನ ಕಾಲ ಬಳಿ ಬರುವಷ್ಟರಲ್ಲಿ ಗೆರೆ ಸಣ್ಣ ಕೊಳವಾಗಿತ್ತು.

ಅಣ್ಣನ ಮುಖ ಕೆಂಪಾಯಿತು. ಹೊಸ ಮಂಡಿ ಬಗ್ಗದಿದ್ದರೂ ಸೊಂಟ ಬಗ್ಗಿಸಿ, ನಾಯಿಯ ಕತ್ತಿನ ಚರ್ಮ ಹಿಡಿದು, ಮೂತಿಯನ್ನು ಅದರೊಳಗೆ ಒತ್ತಿದ. ಬಹಳ ಅಭ್ಯಾಸವಿದ್ದ ಕೈ. ನಾಯಿ ಬಿಡಿಸಿಕೊಳ್ಳಲಿಲ್ಲ. ಒತ್ತಿದ ಕೈಯಡಿಯಲ್ಲೇ ನಾಲಿಗೆ ಹೊರಹಾಕಿ ನೆಲವನ್ನು ನೆಕ್ಕತೊಡಗಿತು, ಬೇಗ ಬೇಗ, ಒಂದು ಹನಿಯನ್ನೂ ಬಿಡದೆ.

"ನೋಡಿ," ಎಂದ ಅಣ್ಣ ಗಿರಾಕಿಗಳತ್ತ ತಿರುಗಿ. ಅವನ ದನಿಯಲ್ಲಿ ಹೆಮ್ಮೆಯಿತ್ತು. "ತಾನು ಮಾಡಿದ್ದು ತಾನೇ ಸ್ವಚ್ಛ ಮಾಡ್ಕೊಳತ್ತೆ. ಇಷ್ಟು ವರ್ಷ ನಾನು ಒಂದು ದಿನ ನೆಲ ಒರೆಸಿಲ್ಲ."

ಲಾಂಡ್ರಿ ಅಕ್ಕನ ಕೈಯಲ್ಲಿದ್ದ ಬಟ್ಟೆ ಮೇಜಿನ ಮೇಲೆ ಬಿತ್ತು. ಹಾಗಾದರೆ ಇವನಿಗೆ ಗೊತ್ತಿತ್ತು. ಫೋನಿನಲ್ಲಿ ಸುಮ್ಮನಾಗಿದ್ದಾಗಲೂ ಗೊತ್ತಿತ್ತು.

"ಅಣ್ಣ, ಕೈ ತೆಗಿ," ಎಂದಳು.

"ಹೀಗೆ ಮಾಡಿದ್ರೇ ಬುದ್ಧಿ ಬರೋದು. ನಿನಗೆ ಬರಲಿಲ್ವಾ?" ಎಂದು ಅಣ್ಣ ನಕ್ಕು, ಗಿರಾಕಿಗಳಿಗೆ ಹೊದಿಕೆಯ ಕಥೆಯನ್ನು ಹೇಳಿಯೇಬಿಟ್ಟ. ಗೇಟಿನ ಹತ್ತಿರದ ಮುಖವನ್ನೂ ಮಾಡಿ ತೋರಿಸಿದ. ಇಬ್ಬರೂ ನಕ್ಕರು. ರೂಢಿಯಂತೆ ಗಂಡನೂ ನಗಲು ಬಾಯಿ ತೆರೆದ, ಹೆಂಡತಿಯ ಮುಖ ನೋಡಿ ಹಾಗೇ ಮುಚ್ಚಿದ. ನೆಕ್ಕುವ ಸದ್ದು ಮಾತ್ರ ನಿಲ್ಲಲಿಲ್ಲ.

ನಗು ಮುಗಿದ ಮೇಲೆ ಅಣ್ಣ ಸೊಂಟ ನೆಟ್ಟಗೆ ಮಾಡಿಕೊಂಡು, ಇದಕ್ಕೆ ವಯಸ್ಸಾಯಿತು, ಹಿಡಿತ ತಪ್ಪಿದೆ, ದಾರಿಯಲ್ಲೇ ಇಂಜೆಕ್ಷನ್ ಕೊಡಿಸಿಬಿಡುತ್ತೇನೆ, ಹಗ್ಗ ತಾ ಎಂದ.

ಅವಳು ಹಗ್ಗ ತಂದಳು. ತಂದು ನಾಯಿಯ ಕತ್ತಿಗೆ ಹಾಕಿ, ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಳು.

"ಇದು ಇಲ್ಲೇ ಇರತ್ತೆ."

"ಗಲೀಜು ಮಾಡೋ ನಾಯಿ ಇಟ್ಕೊಂಡು ಏನೇ ಮಾಡ್ತೀಯ?"

"ಮಾಡ್ಲಿ. ನಾನು ಒರೆಸ್ತೀನಿ," ಎಂದಳು. ಹಗ್ಗವನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿದಳು. "ನೀನು ಆ ಕಥೆ ಇನ್ನೊಂದು ಸಲ ಹೇಳಬೇಡ. ನಿನ್ನ ಬಟ್ಟೆ ಇನ್ಮೇಲೆ ಇಲ್ಲಿಗೆ ಕಳಿಸಬೇಡ. ನನಗೆ ಅಸಹ್ಯ ಆಗತ್ತೆ ಅಣ್ಣ. ನಿನ್ನನ್ನ ಕಂಡ್ರೆ ಅಸಹ್ಯ ಆಗತ್ತೆ."

ಇಬ್ಬರು ಗಿರಾಕಿಗಳೂ ಗೋಡೆಯ ಕಡೆ ನೋಡತೊಡಗಿದರು. ಅಣ್ಣನ ಇಡೀ ಜೀವಮಾನದಲ್ಲಿ ಸಾಲಿನಿಂದ ಆಚೆ ಹೆಜ್ಜೆಯಿಟ್ಟವರು ಇರಲಿಲ್ಲ, ಇದ್ದರೂ ಅದು ತನ್ನ ತಂಗಿಯೇ ಆಗಿರಬಹುದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಕೊನೆಗೆ ಬೆತ್ತವನ್ನು ಕುಟ್ಟುತ್ತ ತಿರುಗಿದ. "ಸಾಕಿ ಸಲಹಿದ್ದಕ್ಕೆ ಇದಾ? ನಾಯಿಗಿರೋ ನಿಯತ್ತು ನಿನಗಿಲ್ಲ," ಎಂದು ಹೇಳಿ ಹೊರಟುಹೋದ.

ಆ ಮಾತು ಸುಳ್ಳಲ್ಲ ಎಂಬಂತೆ ನಾಯಿ ಅವನ ಹಿಂದೆ ಹಗ್ಗ ಎಳೆಯಿತು. ಮುದಿ ಕಾಲುಗಳಿಗೆ ಅಷ್ಟು ಬಲ ಎಲ್ಲಿತ್ತೋ, ಅವಳು ಎರಡೂ ಕೈಯಲ್ಲಿ ಹಿಡಿದು ಒಳಗೆಳೆದುಕೊಂಡು ಬಾಗಿಲು ಹಾಕಬೇಕಾಯಿತು. ಅದು ಬಾಗಿಲನ್ನು ಕೆರೆಯಿತು, ಸಂದಿಗೆ ಮೂಗಿಟ್ಟು ಅವನ ವಾಸನೆ ಎಳೆದುಕೊಂಡಿತು, ಬೆತ್ತದ ಸದ್ದು ದೂರವಾದ ಹಾಗೆ ದನಿ ತೆಗೆದು ಊಳಿಟ್ಟಿತು. ಮೂತಿಯಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಬಾಲ ಬೀಸುವುದು ನಿಂತಿರಲಿಲ್ಲ. ಆ ಹಿತ್ತಲಿನಲ್ಲಿ ಅವಳು ಕಂಡದ್ದೆಲ್ಲಕ್ಕಿಂತ ಆ ಬಾಲವನ್ನು ನೋಡುವುದೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಗಿರಾಕಿಗಳು ಹೋದ ಮೇಲೂ ನಾಯಿ ಬಾಗಿಲು ಬಿಟ್ಟು ಕದಲಲಿಲ್ಲ. ಗಂಡ ಬಂದು ಅವಳ ಪಕ್ಕ ನಿಂತು ಮೆಲ್ಲಗೆ ಹೇಳಿದ.

"ಅದಕ್ಕೆ ಬೇಕಾಗಿರೋದು ಅವನೇ ಕಣೇ. ಕಳಿಸಿಬಿಡಬಾರದಾ?"

ಲಾಂಡ್ರಿ ಅಕ್ಕ ನೆಲದ ಮೇಲೆ, ಒರೆಸದೆ ಬಿಟ್ಟಿದ್ದ ಒದ್ದೆಯ ಪಕ್ಕದಲ್ಲೇ ಕೂತು, ನಾಯಿಯ ತಲೆಯನ್ನು ಬಾಗಿಲಿನಿಂದ ತನ್ನ ಕಡೆಗೆ ತಿರುಗಿಸಿದಳು.

"ನನಗೂ ಅವನೇ ಬೇಕಾಗಿದ್ದ," ಎಂದಳು.